ಕೀಲಿಕೈ ಒಂದು, ಡಿಪಾಸಿಟ್ ಮೂರು

ಪ್ರಶ್ನೆ: ಡೊಂಬಿವ್ಲಿಯಲ್ಲಿ ಒನ್ ಬಿಎಚ್‌ಕೆ ಮನೆಗೆ ಹೆವಿ ಡಿಪಾಸಿಟ್ (ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ಇಡುವ ದೊಡ್ಡ ಠೇವಣಿ) ಎಂದು ಮಾಲೀಕರ ಖಾತೆಗೆ 4 ಲಕ್ಷ ರೂಪಾಯಿ ಹಾಕಿದೆವು. ‘ಒಂದನೇ ತಾರೀಕಿಗೆ ಕೀಲಿಕೈ, ಅಗ್ರಿಮೆಂಟ್ ಆಮೇಲೆ’ ಎಂದಿದ್ದರು. ಮೂರು ತಿಂಗಳಾಯಿತು. ಇದೇ ಮನೆ ತೋರಿಸಿ ಇನ್ನಿಬ್ಬರಿಂದಲೂ ದುಡ್ಡು ಪಡೆದಿದ್ದಾರಂತೆ. ಪೊಲೀಸರು ‘ಇದು ಸಿವಿಲ್ ಮ್ಯಾಟರ್’ ಎನ್ನುತ್ತಾರೆ. ಹೌದೇ?

ಉತ್ತರ: ಕೊಟ್ಟ ಮಾತಿಗೆ ತಪ್ಪುವುದು ಬೇರೆ, ತಪ್ಪಲೆಂದೇ ಮಾತು ಕೊಡುವುದು ಬೇರೆ. ಮೊದಲನೆಯದು ಸಿವಿಲ್. ಎರಡನೆಯದನ್ನು 1872ರ ಕರಾರು ಕಾಯಿದೆಯ 17ನೇ ಕಲಮೇ ವಂಚನೆ ಎನ್ನುತ್ತದೆ. 19ರಡಿ ಕರಾರು ರದ್ದುಮಾಡಿ ಹಣ ವಾಪಸ್ ಕೇಳಬಹುದು. ಆ ಮಾತು ನಂಬಿ ದುಡ್ಡು ಕೊಟ್ಟಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318(4)ರಡಿ 7 ವರ್ಷದವರೆಗೆ ಜೈಲು, ಜತೆಗೆ ದಂಡ.

ತೊಡಕಿರುವುದು ಪುರಾವೆಯಲ್ಲಿ. ಕೋರ್ಟು ನೋಡುವುದು ಹಣ ಪಡೆದ ದಿನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು; ಸುಪ್ರೀಂ ಕೋರ್ಟು 2000ರಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ನಿಮಗೆ ಆ ಇನ್ನಿಬ್ಬರೇ ಬಲ. ಮೂವರ ಪಾಸ್‌ಬುಕ್ ನಮೂದುಗಳನ್ನು ಒಂದೇ ಹಾಳೆಯಲ್ಲಿ ತಾರೀಕಿನ ಪ್ರಕಾರ ಬರೆಯಿರಿ: ಫ್ಲ್ಯಾಟ್ ನಂಬರ್ ಒಂದೇ, ಜಮಾ ಮೂರು. ಮೊದಲು ಕೊಟ್ಟವರು ನೀವೇ ಆಗಿದ್ದರೆ ಮಾತ್ರ ‘ಆಗ ಕೊಡುವ ಮನಸ್ಸಿತ್ತು’ ಎಂಬ ವಾದ ಬಂದೇ ಬರುತ್ತದೆ. ಆಗ ನಿಮ್ಮ ಜಮಾಕ್ಕೂ ಎರಡನೆಯವರ ಜಮಾಕ್ಕೂ ನಡುವೆ ಎಷ್ಟು ದಿನ ಎಂಬುದೇ ಮುಖ್ಯ. ಆ ದಿನಗಳಲ್ಲಿ ಮನೆಯಲ್ಲಿ ಬೇರೆ ಬಾಡಿಗೆದಾರರು ಇದ್ದರೇ ಎಂದು ಸೊಸೈಟಿ ಆಫೀಸಿನಲ್ಲೂ ವಿಚಾರಿಸಿ.

ವಾಟ್ಸ್‌ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್ ಒಂದೇ ಸಾಲದು. ಅದೇ ಫೋನು ಇಟ್ಟುಕೊಳ್ಳಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಹ್ಯಾಶ್ ಸಂಖ್ಯೆಯ (ಫೈಲು ಬದಲಾಗಿಲ್ಲವೆಂದು ತೋರಿಸುವ ಗುರುತು ಸಂಖ್ಯೆ) ಸಮೇತ ಬೇಕಾಗುತ್ತದೆ. ಅಗ್ರಿಮೆಂಟ್ ಇಲ್ಲವೆಂದು ಅಂಜಬೇಡಿ: 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮಿನಂತೆ ಅದನ್ನು ನೋಂದಾಯಿಸುವ ಹೊಣೆ ಮಾಲೀಕರದು.

ಠಾಣೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದದ್ದು ಲೆಕ್ಕಕ್ಕಿಲ್ಲ. ಮೂವರೂ ಲಿಖಿತ ದೂರು ಕೊಟ್ಟು ಪೋಚ್ (ದೂರು ತಲುಪಿದ ಸ್ವೀಕೃತಿ) ಪಡೆಯಿರಿ. ಎಫ್‌ಐಆರ್ ಆಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರಂತೆ ಡಿಸಿಪಿಗೆ ಅಂಚೆಯಲ್ಲಿ ದೂರು, ಅದೂ ಆಗದಿದ್ದರೆ 175(3)ರಡಿ ಅಫಿಡವಿಟ್ ಸಹಿತ ಮ್ಯಾಜಿಸ್ಟ್ರೇಟರಿಗೆ ಅರ್ಜಿ.

ರಾಜಿಗೆಂದು ‘ಕೈಸಾಲ ಕೊಟ್ಟಿದ್ದೇವೆ’ ಎಂಬ ಕಾಗದ ಮುಂದಿಟ್ಟರೆ ಸಹಿ ಹಾಕಬೇಡಿ. ವಂಚನೆ ಅಲ್ಲಿಗೆ ಬರೀ ಸಾಲವಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಚೆಕ್ ಕೊಟ್ಟರೆ ತೆಗೆದುಕೊಳ್ಳಿ, 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ, ಅದು ಕಳೆದರೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಹಣ ವಸೂಲಿಯ ದಾವೆಗೆ 3 ವರ್ಷದ ಗಡುವು.

ಪ್ರಶ್ನೆ: ಪುಣೆಯ ನಮ್ಮ ಮನೆಯ ಮಾಡ್ಯುಲರ್ ಕಿಚನ್ ಕೆಲಸಕ್ಕೆ 1.5 ಲಕ್ಷ ಮುಂಗಡ ಪಡೆದವರು ಅರ್ಧ ಮಾಡಿ ನಿಲ್ಲಿಸಿದ್ದಾರೆ. ಇದೂ ವಂಚನೆಯೇ?

ಉತ್ತರ: ಕಷ್ಟ. ಪ್ಲೈವುಡ್ ತಂದು ಕಪಾಟು ಕೂರಿಸಿದವರಿಗೆ ಮೊದಲಿನಿಂದಲೇ ಮೋಸದ ಉದ್ದೇಶವಿತ್ತು ಎಂದರೆ ನಿಲ್ಲುವುದಿಲ್ಲ. ಸೇವಾ ಲೋಪವೆಂದು 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಅದಕ್ಕೆ ಮುನ್ನ, ಬೇರೆ ಬಡಗಿಯನ್ನು ಕರೆಸುವ ಮೊದಲೇ, ಆಗಿರುವ ಕೆಲಸದ ಫೋಟೊ, ಅಳತೆ ಎರಡನ್ನೂ ತೆಗೆದಿಡಿ.