ಕಸದ ಚೀಲ ಬಿಚ್ಚಿದರು ಅಂತ ಸಿಟ್ಟೇ? ಒಳಗೇನಿತ್ತು ಹೇಳಿ

ಕಲಬುರಗಿಯಿಂದ ಬರುವ ಪತ್ರಗಳಲ್ಲಿ ಕಸದ್ದೇ ಜಾಸ್ತಿ. ಅದೂ ಅವೇ ಅವೇ ಪ್ರಶ್ನೆ. ಹಸಿ ಕಸ ಯಾವುದು, ಒಣ ಕಸ ಯಾವುದು ಅಂತ ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಅಷ್ಟನ್ನು ಗಾಡಿಯ ಮೈಕೇ ದಿನಾ ಕೂಗುತ್ತದೆ. ಇನ್ನೊಂದು ಮಾತು: ನಾನು ಆರೋಗ್ಯ ನಿರೀಕ್ಷಕನಾಗಿ ನಿವೃತ್ತನಾದವನು. ಪೌರಕಾರ್ಮಿಕರ ಕಡೆ ಸ್ವಲ್ಪ ವಾಲಿಯೇ ಮಾತಾಡುತ್ತೇನೆ. ಬೇಜಾರಾದರೆ ಆಗಲಿ.

ಪ್ರಶ್ನೆ: ಹೋದ ವಾರ ಕಚರಾ ಗಾಡಿ ಜೊತೆ ಬಂದ ಒಬ್ಬರು ನಮ್ಮ ಚೀಲವನ್ನು ಗೇಟಿನ ಮುಂದೆಯೇ ಬಿಚ್ಚಿ ಕೋಲಿನಿಂದ ಕೆದಕಿದರು. ಅದರಲ್ಲಿ ನಮ್ಮ ಮನೆಯವರ ಮಾತ್ರೆ ಚೀಟಿ, ಪ್ಯಾಡು ಎಲ್ಲಾ ಇತ್ತು. ಓಣಿಯವರು ನೋಡಿದರು. ಫೋಟೋ ಹೊಡೆದು ದಂಡ ಅಂದರು. ಸಂಜೆಗೆ ಅದೇ ಫೋಟೋ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿತ್ತು! ಹೀಗೆ ಮಾಡಲು ಇವರಿಗೆ ಅಧಿಕಾರ ಇದೆಯೇ ಸರ್? ನಾಳೆ ಮನೆಯೊಳಗೂ ಬರುತ್ತಾರೇನು? — ಸೇಡಂ ರಸ್ತೆಯ ಗೃಹಿಣಿ

ಅಕ್ಕಾರೆ, ನಿಮ್ಮ ಪತ್ರದಲ್ಲಿ ಬೇರೆ ಬೇರೆ ಸಂಗತಿಗಳು ಕೂಡಿಕೊಂಡಿವೆ. ನಿಮ್ಮ ಚೀಲದಲ್ಲಿ ಆದಂತೆಯೇ.

ಚೀಲ ನೋಡುವ ಅಧಿಕಾರ ಇದೆ. ಕಸ ಬೇರೆ ಮಾಡಿ ಕೊಡುವುದು ಮನೆಯವರ ಕರ್ತವ್ಯ ಅಂತ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಸ್ಥಳದಲ್ಲೇ ದಂಡ ಹಾಕಲು ಬೈಲಾ ಮಾಡಿಕೊಳ್ಳಿ ಅಂತ ನಗರ ಸಂಸ್ಥೆಗಳಿಗೂ ಹೇಳಿದ್ದವು. ಆ ಜಾಗಕ್ಕೆ ಹೊಸ ನಿಯಮಗಳು ಬಂದಿವೆ, 2026ರ ಏಪ್ರಿಲ್ 1ರಿಂದ ಜಾರಿ. ಈಗ ನಾಲ್ಕು ಭಾಗ: ಹಸಿ, ಒಣ, ಸ್ಯಾನಿಟರಿ, ಮತ್ತೆ ಬಲ್ಬು, ಪೇಂಟು ಡಬ್ಬಿ, ಹಳೇ ಔಷಧಿಯಂಥ ವಿಶೇಷ ಕಸ. ಬೇರೆ ಮಾಡಿದ್ದೀರೋ ಇಲ್ಲವೋ ಅಂತ ನೋಡದೆ ಗೊತ್ತಾಗುವುದು ಹೇಗೆ? ಗಾಡಿಗೆ ಕೊಟ್ಟ ಮೇಲೆ ಆ ಚೀಲವನ್ನು ಯಾರೋ ಒಬ್ಬರು ಬಿಚ್ಚಲೇಬೇಕು. ಗೇಟಿನಲ್ಲಿ ಬಿಚ್ಚದಿದ್ದರೆ ಊರ ಕಸವೆಲ್ಲ ಹೋಗುವ ಉದನೂರಿನ ಘಟಕದಲ್ಲಿ ಬಿಚ್ಚುತ್ತಾರೆ. ಅಲ್ಲಿ ಬಿಚ್ಚುವ ಹೆಣ್ಣುಮಗಳ ಕೈಗೆ ನಿಮ್ಮ ಪ್ಯಾಡು, ಇನ್ಸುಲಿನ್ ಸೂಜಿ ಎಲ್ಲ ಒಟ್ಟಿಗೇ ಸಿಗುತ್ತವೆ. ಅವಳ ಮಾನ ಯಾರೂ ಕೇಳುವುದಿಲ್ಲ, ಅಲ್ವಾ?

ಹಾಗಂತ ನಿಮಗಾದದ್ದು ಸರಿ ಅನ್ನುತ್ತಿಲ್ಲ. ಅಧಿಕಾರ ಇರುವುದು ಕಸ ಬೇರೆಯಾಗಿದೆಯಾ ಅಂತ ನೋಡಲು. ಮಾತ್ರೆ ಚೀಟಿ ಓದಿ ಯಾರಿಗೆ ಯಾವ ಕಾಯಿಲೆ ಅಂತ ತಿಳಿಯಲು ಅಲ್ಲ. ಹಸಿಯಲ್ಲಿ ಪ್ಲಾಸ್ಟಿಕ್ ಕಂಡಿತೋ, ಅಲ್ಲಿಗೆ ತಪಾಸಣೆ ಮುಗಿಯಿತು. ಆಮೇಲೂ ಕೋಲು ಹಾಕಿ ಕೆದಕುವುದು ಚಾಳಿ. ದಂಡಕ್ಕೆ ಸಾಕ್ಷಿ ಬೇಕು, ಅದಕ್ಕೆ ಒಂದು ಫೋಟೋ ಸಾಕು. ಅದು ಕಚೇರಿಯ ಕಡತಕ್ಕೆ ಹೋಗಬೇಕು. ಓಣಿಯ ಗ್ರೂಪಿಗೆ ಹಾಕಲು ಯಾವ ಬೈಲಾ ಹೇಳಿದೆ? ನಾಚಿಕೆಪಡಿಸಿದರೆ ಜನ ಕಲಿಯುತ್ತಾರೆ ಅನ್ನುವ ನೌಕರರನ್ನು ನಾನು ಬಹಳ ಕಂಡಿದ್ದೇನೆ. ಜನ ಕಲಿಯುವುದಿಲ್ಲ. ರಾತ್ರಿ ಕಣ್ತಪ್ಪಿಸಿ ರಿಂಗ್ ರೋಡ್ ಬದಿ ಎಸೆದು ಬರುವುದನ್ನು ಕಲಿಯುತ್ತಾರೆ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಒಬ್ಬರ ಕಾಯಿಲೆಯ ವಿಷಯ ಅವರನ್ನು ಕೇಳದೆ ನಾಲ್ಕು ಜನರ ಮುಂದಿಡುವುದು ಈ ಹಕ್ಕಿಗೆ ನೇರ ಪೆಟ್ಟು. ನೀವು ಮಾಡಬೇಕಾದ್ದು ಇಷ್ಟು: ಗ್ರೂಪಿನ ಫೋಟೋದ ಸ್ಕ್ರೀನ್‌ಶಾಟ್ ತೆಗೆದಿಡಿ. ದಿನಾಂಕ, ಹೊತ್ತು, ಗಾಡಿ ನಂಬರ್ ಬರೆದು ಪಾಲಿಕೆ ಆಯುಕ್ತರಿಗೆ ಅರ್ಜಿ ಕೊಡಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ಅರ್ಜಿಯಲ್ಲಿ ಚೀಲ ಬಿಚ್ಚಿದ್ದನ್ನು ದೊಡ್ಡದು ಮಾಡಬೇಡಿ, ಅಲ್ಲಿ ನೀವು ಸೋಲುತ್ತೀರಿ. ಫೋಟೋ ಹಂಚಿದ್ದನ್ನು ಹಿಡಿದುಕೊಳ್ಳಿ.

ಇನ್ನು ಕೆಲವರು ನನಗೆ ಒಂದು ಸಂದೇಶ ಕಳಿಸುತ್ತಲೇ ಇರುತ್ತಾರೆ: ಬೀದಿಯಲ್ಲಿಟ್ಟ ಕಸಕ್ಕೆ ಖಾಸಗಿತನ ಇಲ್ಲವೆಂದು ಕೋರ್ಟು ಹೇಳಿದೆ ಅಂತ. ಅದು ಅಮೆರಿಕದ ಸುಪ್ರೀಂ ಕೋರ್ಟು, 1988ರ ಕ್ಯಾಲಿಫೋರ್ನಿಯಾ ಪ್ರಕರಣ. ಪೊಲೀಸರು ಮಾದಕ ವಸ್ತು ಹುಡುಕಿದ ಕಥೆ. ನಮ್ಮ ಓಣಿಗೆ ತಂದು ಅಂಟಿಸಬೇಡಿ.

ಮನೆಯೊಳಗೆ ಬರುವ ಮಾತು. ಕಸ ನೋಡಲು ಬಂದವರಿಗೆ ಗೇಟೇ ಗಡಿ. ಬೇರೆ ಕಾರಣಕ್ಕೆ, ಅಂದರೆ ಚರಂಡಿ, ಅನಧಿಕೃತ ಕಟ್ಟಡ ಇಂಥದ್ದಕ್ಕೆ, ಒಳಗೆ ಬರುವ ಅಧಿಕಾರ ಪುರಸಭೆ, ಪಾಲಿಕೆ ಕಾನೂನುಗಳಲ್ಲಿದೆ. ಆದರೆ ಮುಂಚೆ ತಿಳಿಸಿ, ಹಗಲು ಹೊತ್ತಿನಲ್ಲಿ, ಹೆಣ್ಣುಮಕ್ಕಳಿಗೆ ಸರಿದುಕೊಳ್ಳಲು ಸಮಯ ಕೊಟ್ಟು ಬರಬೇಕು. ಕಪಾಟು ತೆಗೆಸುವ, ಅಡುಗೆಮನೆ ಡಬ್ಬಿ ಮುಟ್ಟುವ ಅಧಿಕಾರ ಕಸದ ನಿರೀಕ್ಷಕನಿಗೆ ಇಲ್ಲವೇ ಇಲ್ಲ. ಗುರುತಿನ ಚೀಟಿ ಕೇಳಿ. ದಂಡಕ್ಕೆ ರಸೀದಿ ಕೇಳಿ. "ಈ ನಂಬರಿಗೆ ಫೋನ್‌ಪೇ ಮಾಡಿಬಿಡಿ ಅಕ್ಕ" ಅಂದರೆ ಬಾಗಿಲು ಹಾಕಿಕೊಳ್ಳಿ, ಅವನು ನಿರೀಕ್ಷಕನೇ ಇರಲಿ, ಅಲ್ಲದೇ ಇರಲಿ.

ಈಗ ನಿಮಗೆ ಬಯ್ಯುವ ಸರದಿ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಬೇರೆ ಕೊಡಿ ಅಂತ ಹತ್ತು ವರ್ಷದಿಂದ ಹೇಳುತ್ತಿದ್ದಾರೆ. ಹಾಗೆ ಕೊಟ್ಟ ಪೊಟ್ಟಣವನ್ನು ಬಿಚ್ಚಿದ ಪೌರಕಾರ್ಮಿಕರನ್ನು ನಾನಂತೂ ಕಂಡಿಲ್ಲ. ಅವರಿಗೇನು ಹುಚ್ಚೇ? ಬೇರೆ ಬೇರೆ ಮಾಡಿದ ಕಸವನ್ನು ಯಾರೂ ಕೆದಕುವುದಿಲ್ಲ, ಮೇಲಿಂದ ನೋಡಿ ಗಾಡಿಗೆ ಸುರಿಯುತ್ತಾರೆ. ಕೂಡಿಸಿ ಗಂಟು ಕಟ್ಟಿದ ಚೀಲವನ್ನೇ ಎಲ್ಲರೂ ಬಿಚ್ಚುವುದು. ಮಾತ್ರೆ ಚೀಟಿಯನ್ನು ಅಡ್ಡಡ್ಡ ನಾಲ್ಕು ತುಂಡು ಮಾಡಿ, ಹೆಸರು ಓದಲಾಗದು. ಡಾಕ್ಟರ ಚೀಟಿ, ಲ್ಯಾಬ್ ರಿಪೋರ್ಟು ನೀರಿನಲ್ಲಿ ನೆನೆಸಿ ಮುದ್ದೆ ಮಾಡಿ ಒಣಗಿಸಿ. ಸೂಜಿಯನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಚುಚ್ಚಿದ ಒಂದು ಸೂಜಿಯಿಂದ ಹೆಪಟೈಟಿಸ್ ಬಿ ಬರಬಹುದು, ಎಚ್‌ಐವಿ ಬರಬಹುದು. ನಿಮ್ಮ ಮರ್ಯಾದೆಯ ಪ್ರಶ್ನೆಗಿಂತ ಇದು ದೊಡ್ಡದು.

ಕೊನೆಗೆ ಒಂದು: ನಿಮ್ಮ ಗುಟ್ಟು ಕಚರಾ ಗಾಡಿಯಿಂದ ಹೋಗುವುದು ಕಡಿಮೆ. ರದ್ದಿಯಿಂದ ಹೋಗುತ್ತದೆ. ಆಧಾರ್ ಜೆರಾಕ್ಸು, ಹಳೇ ಪಾಸ್‌ಬುಕ್ಕು, ಹೆಸರು, ಫೋನ್ ನಂಬರ್ ಇರುವ ಪಾರ್ಸೆಲ್ ಡಬ್ಬಿ ಎಲ್ಲವನ್ನೂ ಕಿಲೋ ಲೆಕ್ಕದಲ್ಲಿ ಮಾರುತ್ತೀರಿ. ಆ ಕಾಗದದಲ್ಲಿ ಯಾರೋ ಮಿರ್ಚಿ ಕಟ್ಟಿ ಕೊಡುತ್ತಾರೆ. ಅದಕ್ಕೆ ಯಾರೂ ನನಗೆ ಪತ್ರ ಬರೆದಿಲ್ಲ.

ಪ್ರಶ್ನೆ: ಕಸದ ಗಾಡಿಯವರು ಸ್ಕ್ಯಾನ್ ಮಾಡಲು ಗೇಟಿಗೆ ಅಂಟಿಸಿದ ಕ್ಯೂಆರ್ ಸ್ಟಿಕ್ಕರ್‌ನಲ್ಲಿ ಕ್ಯಾಮೆರಾ ಇರುತ್ತದಂತೆ, ಹೌದೇ?

ಅಲ್ಲ. ಅದು ಕಾಗದ.

ಪ್ರಶ್ನೆ: ಗುಟ್ಟಿನ ಕಾಗದಗಳನ್ನು ಮಾಳಿಗೆ ಮೇಲೆ ಸುಟ್ಟುಬಿಟ್ಟರೆ ಆಗುವುದಿಲ್ಲವೇ?

ಆಗುವುದಿಲ್ಲ. ಬಯಲಲ್ಲಿ ಕಸ ಸುಟ್ಟರೆ ₹5,000, ರಾಶಿ ಹಾಕಿ ಸುಟ್ಟರೆ ₹25,000 ಅಂತ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ. ಕಾಗದದ ಜೊತೆ ಪ್ಲಾಸ್ಟಿಕ್ ಕವರೂ ಸೇರಿಯೇ ಸೇರುತ್ತದೆ, ಆ ಹೊಗೆ ಮೊದಲು ಹೋಗುವುದು ನಿಮ್ಮ ಮನೆಯ ಮಕ್ಕಳ ಎದೆಗೆ. ನೆನೆಸಿ ಅಂದೆನಲ್ಲ, ನೆನೆಸಿ.

ಪ್ರಶ್ನೆ: ಮೂರು ದಿನಕ್ಕೆ ಕಸವನ್ನು ಗೊಬ್ಬರ ಮಾಡುವ ಪುಡಿ ಮಾರಲು ಬಂದಿದ್ದರು. ಕೊಳ್ಳಬಹುದೇ?

ದುಡ್ಡು ಜಾಸ್ತಿ ಇದ್ದರೆ ಕೊಳ್ಳಿ. ಮನೆಯ ಹಸಿ ಕಸ ಸರಿಯಾಗಿ ಗೊಬ್ಬರವಾಗಲು ಒಂದೂವರೆ, ಎರಡು ತಿಂಗಳು ಬೇಕು. ಮೂರು ದಿನಕ್ಕೆ ಆಗುವುದು ಒಣಗಿದ ಕಸ, ಗೊಬ್ಬರವಲ್ಲ. ನಮ್ಮ ಬೇಸಿಗೆಗೆ ಪುಡಿಯೂ ಬೇಡ, ತಾನೇ ಒಣಗುತ್ತದೆ. ಹುಳಿ ಮಜ್ಜಿಗೆ, ಒಣ ಎಲೆ, ಆಗಾಗ ಚೂರು ನೀರು, ಇಷ್ಟೇ ಪುಡಿ.

ಪ್ರಶ್ನೆ: ಆಶಾ ಕಾರ್ಯಕರ್ತೆಯರು ಬಂದು ನೀರಿನ ಡ್ರಮ್ಮು, ಟ್ಯಾಂಕು ತೋರಿಸಿ ಅನ್ನುತ್ತಾರೆ. ನಮ್ಮ ಮನೆ, ನಮ್ಮ ನೀರು. ಬೇಡ ಅನ್ನಬಹುದೇ?

ಬಾಯಲ್ಲಿ ಅನ್ನಬಹುದು, ಅನ್ನಬೇಡಿ. ನಳ ದಿನಾ ಬರದ ಊರಿನಲ್ಲಿ ಎಲ್ಲರೂ ನೀರು ತುಂಬಿಡುತ್ತೀರಿ. ಡೆಂಗಿ ಸೊಳ್ಳೆಗೆ ಆ ಡ್ರಮ್ಮೇ ತವರುಮನೆ, ಒಂದು ವಾರ ಹತ್ತು ದಿನದಲ್ಲಿ ಮೊಟ್ಟೆ ರೆಕ್ಕೆ ಬಂದು ಹಾರುತ್ತದೆ. ಹಾರಿದ ಮೇಲೆ ಅದಕ್ಕೆ ನಿಮ್ಮ ಮನೆ, ಪಕ್ಕದ ಮನೆ ಅಂತ ಇಲ್ಲ. ಆ ಹೆಣ್ಣುಮಕ್ಕಳು ಹೊಸ್ತಿಲಲ್ಲಿ ನಿಂತು ಕೇಳಿಯೇ ಬರುತ್ತಾರೆ, ಟಾರ್ಚು ಬಿಟ್ಟು ನೀರು ನೋಡಿ ಹೋಗುತ್ತಾರೆ, ಮಲಗುವ ಕೋಣೆ ನೋಡಲು ಅಲ್ಲ. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ, ಒಳಗಿನ ಗೋಡೆ ತಿಕ್ಕಿ ತೊಳೆದು, ಬಟ್ಟೆ ಕಟ್ಟಿ ಮುಚ್ಚಿ. ಬಂದವರಿಗೆ ಮೊದಲು ಒಂದು ಲೋಟ ನೀರು ಕೊಡಿ, ನಲವತ್ತು ಡಿಗ್ರಿ ಬಿಸಿಲಲ್ಲಿ ಓಣಿ ಓಣಿ ತಿರುಗುತ್ತಾರೆ.