ಹದಿನಾಲ್ಕು ದಿನ, ಏಳು ಊರು, ಒಂದು ಮೊಣಕಾಲು

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಇತಿಹಾಸ ಪಾಠ ಮಾಡುತ್ತಿದ್ದೆ. ವಯಸ್ಸು 63. ಮಗ ಎರಡು ವರ್ಷದಿಂದ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿ. ಬರುವ ಮೇ ತಿಂಗಳಲ್ಲಿ ನಾಲ್ವರೂ ಸೇರಿ 14 ದಿನ ಯುರೋಪ್ ನೋಡುವ ಆಸೆ. ಲಂಡನ್, ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ಮ್ಯೂನಿಕ್, ಸ್ವಿಟ್ಜರ್ಲೆಂಡ್, ವೆನಿಸ್, ರೋಮ್ ಎಂದು ಪಟ್ಟಿ ಮಾಡಿದ್ದೇನೆ. ಮಗನ ಮನೆಯಲ್ಲಿ ಒಂದು ರಾತ್ರಿ. ಹೆಂಡತಿಗೆ ಮೊಣಕಾಲು ನೋವು, ಆದರೂ ಹಿಮ ಮುಟ್ಟಿ ನೋಡಬೇಕಂತೆ. ಮಗಳಿಗೆ ಪ್ಯಾರಿಸ್ ಬೇಕೇ ಬೇಕು. ಮಕ್ಕಳಿಗೆ ಪ್ಯಾಕೇಜ್ ಟೂರ್ ಇಷ್ಟವಿಲ್ಲ. ಈ ಪಟ್ಟಿ ಆಗುವ ಮಾತಾ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಮೇಷ್ಟ್ರೇ, ಆಗುವ ಮಾತಲ್ಲ. ಅದಿರಲಿ, ಮಗನ ಮನೆಯಲ್ಲಿ ಒಂದೇ ರಾತ್ರಿನಾ? ಎರಡು ವರ್ಷದಿಂದ ವಿಡಿಯೋ ಕಾಲ್‌ನಲ್ಲೇ ನೋಡುತ್ತಿರುವ ಆ ಅಡುಗೆಮನೆಯಲ್ಲಿ ಅವನ ಅಮ್ಮ ಒಂದು ಹೊತ್ತು ಸಾರು ಮಾಡುವುದು ಬೇಡವಾ?

ಊರು ಎಣಿಸಬೇಡಿ, ರಾತ್ರಿ ಎಣಿಸಿ. 14 ದಿನದಲ್ಲಿ ಹೋಗಿಬರುವುದು ಕಳೆದರೆ ಅಲ್ಲಿ ಮಲಗುವುದು 12 ರಾತ್ರಿ. ಏಳು ಊರು ಎಂದರೆ ಆರು ಸಲ ಗಂಟುಮೂಟೆ ಕಟ್ಟಬೇಕು. ಹಳೆ ಹೋಟೆಲಿನವರು 11 ಗಂಟೆಗೆ ಹೊರಡಿ ಅಂತಾರೆ, ಹೊಸ ಹೋಟೆಲಿನವರು 3 ಗಂಟೆಗೆ ಬನ್ನಿ ಅಂತಾರೆ. ಒಂದೊಂದು ಸಲಕ್ಕೂ ಅರ್ಧ ದಿನ ಹೋಯಿತು.

ಇದು ಅನುಭವದ ಮಾತು. 2018ರಲ್ಲಿ ನಾವು ನಾಲ್ವರು, ಅಂದರೆ ನಾನು, ನಮ್ಮವರು, ಆಗ 26ರ ಮಗ, 23ರ ಮಗಳು, 12 ದಿನಕ್ಕೆ ಆರು ಊರು ಹೊಡೆದೆವು. ನಾನು ಬ್ಯಾಂಕಿನಲ್ಲಿ ಇದ್ದವಳು, ಖರ್ಚು ಬರೆಯದೆ ನಿದ್ದೆ ಬರುವುದಿಲ್ಲ. ಆ ಪುಸ್ತಕ ಈಗಲೂ ಇದೆ. ಅದರಲ್ಲಿ ಮ್ಯೂಸಿಯಂ ಟಿಕೆಟ್‌ಗಿಂತ ರೈಲ್ವೆ ಸ್ಟೇಷನ್‌ಗಳಲ್ಲಿ ಲಗೇಜ್ ಇಡಲು ಕೊಟ್ಟ ದುಡ್ಡೇ ಜಾಸ್ತಿ!

ನಿಮ್ಮ ಪಟ್ಟಿಗೆ ನಾನು ಹೀಗೆ ಕತ್ತರಿ ಹಾಕುತ್ತೇನೆ. ಲಂಡನ್ ಬಿಡಿ. ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಷೆಂಗೆನ್ ವೀಸಾ ಇದೆ, ಲಂಡನ್ ಅದಕ್ಕೆ ಸೇರುವುದಿಲ್ಲ, ಬೇರೆ ವೀಸಾ, ಬೇರೆ ಖರ್ಚು. ಆಮ್‌ಸ್ಟರ್‌ಡ್ಯಾಮ್ ದಾರಿಯಲ್ಲಿಲ್ಲ, ಬಿಡಿ. ವೆನಿಸ್ ಬಿಡಿ ಎನ್ನಲು ನನಗೂ ಸಂಕಟವೇ. ಆದರೆ ಅಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲು. ಸೂಟ್‌ಕೇಸ್ ಮಗ ಹೊರುತ್ತಾನೆ, ಮೊಣಕಾಲನ್ನು ಯಾರು ಹೊರುತ್ತಾರೆ?

ಮ್ಯೂನಿಕ್‌ಗೆ ಬೆಂಗಳೂರಿನಿಂದ ನೇರ ವಿಮಾನ 2023ರಲ್ಲಿ ಶುರುವಾಯಿತು. ವಾರದ ಎಲ್ಲಾ ದಿನ ಇರುವುದಿಲ್ಲ, ಅದು ಹೊರಡುವ ದಿನ ನೋಡಿಕೊಂಡು ಮಗಳು ರಜೆ ಹಾಕಲಿ. ಅಲ್ಲಿ ಐದು ರಾತ್ರಿ ಇರಿ. ಮೊದಲ ಎರಡು ದಿನ ಹೇಗೂ ಬೆಳಗಿನ ಜಾವ ಎಚ್ಚರವಾಗುತ್ತದೆ, ಮಗನ ಮನೆಯಾದರೆ ನಿಮ್ಮ ಪಾಡಿಗೆ ಕಾಫಿ ಮಾಡಿಕೊಳ್ಳಬಹುದು. ಒಂದು ಮಾತು: ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಡಿ. ಒಂದು ದಿನ ರೈಲಿನಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಹೋಗಿಬನ್ನಿ, ಸುಮಾರು ಎರಡು ಗಂಟೆ ದಾರಿ. 'ಬಯರ್ನ್ ಟಿಕೆಟ್' ಅಂತ ಒಂದಿದೆ. ಒಂದೇ ಟಿಕೆಟ್‌ನಲ್ಲಿ ಐದು ಜನರ ತನಕ ಹೋಗಬಹುದು, ಸಾಲ್ಜ್‌ಬರ್ಗ್ ತನಕ ನಡೆಯುತ್ತದೆ. ಲೋಕಲ್ ರೈಲಿಗೆ ಮಾತ್ರ. ಸೋಮವಾರದಿಂದ ಶುಕ್ರವಾರವಾದರೆ ಬೆಳಿಗ್ಗೆ 9ರ ಮೇಲೆ ಹತ್ತಬೇಕು.

ಮ್ಯೂನಿಕ್‌ನಿಂದ ಜ್ಯೂರಿಕ್ ಮೇಲೆ ಸ್ವಿಟ್ಜರ್ಲೆಂಡಿನ ಲೂಸರ್ನ್, ಮೂರು ರಾತ್ರಿ. ಹಿಮಕ್ಕೆ ಎಲ್ಲರೂ ಯುಂಗ್‌ಫ್ರಾವ್ ಬೆಟ್ಟ ಅಂತಾರೆ. ನಿಮಗೆ ಟಿಟ್ಲಿಸ್ ಬೆಟ್ಟ ಸಾಕು, ಟಿಕೆಟ್ಟೂ ಕಡಿಮೆ. ಲೂಸರ್ನ್‌ನಿಂದ ಎಂಗೆಲ್‌ಬರ್ಗ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆ, ಅಲ್ಲಿಂದ 3,000 ಮೀಟರ್ ಎತ್ತರಕ್ಕೆ ಕೇಬಲ್ ಕಾರ್. ಮೇ ತಿಂಗಳಲ್ಲೂ ಹಿಮ ಇರುತ್ತದೆ. ಟಿಕೆಟ್ ಮೊದಲೇ ಕೊಳ್ಳಬೇಡಿ. ಬೆಳಿಗ್ಗೆ ಎದ್ದು ಬೆಟ್ಟದ ಮೇಲಿನ ಕ್ಯಾಮೆರಾವನ್ನು ಫೋನಿನಲ್ಲಿ ನೋಡಿ. ಪರದೆ ಪೂರ್ತಿ ಬೆಳ್ಳಗಿದ್ದರೆ ಅದು ಹಿಮ ಅಲ್ಲ, ಮೋಡ. ಅವತ್ತು ಸರೋವರದಲ್ಲಿ ದೋಣಿ ಹತ್ತಿ, ಬೆಟ್ಟ ನಾಳೆಗೆ ಇರಲಿ.

ಲೂಸರ್ನ್‌ನಿಂದ ರೋಮ್‌ಗೆ ಮಿಲಾನ್‌ನಲ್ಲಿ ರೈಲು ಬದಲಿಸಿ ಏಳು ಗಂಟೆ. ದಾರಿಯಲ್ಲಿ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗ ಸಿಗುತ್ತದೆ. ಈ ಕಡೆ ಜರ್ಮನ್ ಬೋರ್ಡು, ಆ ಕಡೆ ಇಟಾಲಿಯನ್ ಬೋರ್ಡು. ರೋಮ್‌ನಲ್ಲಿ ನಾಲ್ಕು ರಾತ್ರಿ. ಇತಿಹಾಸದ ಮೇಷ್ಟ್ರಿಗೆ ನಾನೇನು ಹೇಳಲಿ. ಕೊಲೋಸಿಯಂ ಟಿಕೆಟ್ ಮೇಲೆ ಹೆಸರು ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಹಾಕಿ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ಮುಚ್ಚಿರುತ್ತದೆ. ಅಂದಹಾಗೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿ, ವ್ಯಾಟಿಕನ್. ಐದು ದೇಶ ಆಯಿತು ನೋಡಿ. ನೆಂಟರಿಗೆ ಹೇಳಲು ಬೇಕಾಗುತ್ತೆ ಅಲ್ವಾ.

ಇನ್ನು ಪ್ಯಾರಿಸ್. ಮಗಳು ದೊಡ್ಡವಳು. ರೋಮ್‌ನಿಂದ ಎರಡು ಗಂಟೆಯ ವಿಮಾನ ಹತ್ತಿ ಒಬ್ಬಳೇ ಮೂರು ರಾತ್ರಿ ಪ್ಯಾರಿಸ್‌ನಲ್ಲಿ ಇದ್ದು, ಅಲ್ಲಿಂದಲೇ ಬೆಂಗಳೂರಿಗೆ ಬರಲಿ. ರಜೆ ಮೂರು ದಿನ ಜಾಸ್ತಿ ಬೇಕಾಗುತ್ತದೆ ಅಷ್ಟೆ. ಮಂಗಳವಾರ ಅಲ್ಲಿಯ ಲೂವ್ರ್ ಮ್ಯೂಸಿಯಂ ಮುಚ್ಚಿರುತ್ತದೆ ಅಂತ ಹೇಳಿರಿ. ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶದವರ ಹತ್ತಿರ ವೀಸಾ ಕೇಳಬೇಕು. ನಿಮ್ಮ ಮೂವರಿಗೂ ಅದು ಜರ್ಮನಿಯೇ, ಪ್ಯಾರಿಸ್ ಸೇರಿಸಿದರೂ ಮಗಳ ಲೆಕ್ಕ ಬದಲಾಗುವುದಿಲ್ಲ. ಅವಳ ಅರ್ಜಿಯಲ್ಲಿ ಪ್ಯಾರಿಸ್ ಕಾಣಿಸಿರಬೇಕು. ಫೀಸು ತಲೆಗೆ 90 ಯೂರೋ. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಎಲ್ಲರೂ ಮುಗಿಬೀಳುತ್ತಾರೆ, ತಡ ಮಾಡಬೇಡಿ.

ನೀವು ಕೇಳದೇ ಇರುವ ಒಂದು ವಿಷಯ ಹೇಳಲೇಬೇಕು, ದುಡ್ಡಿನದು. ವೆನಿಸ್‌ನ ಸಂತ ಮಾರ್ಕನ ಚೌಕದಲ್ಲಿ ನಮ್ಮ ಮಗ "ಅಪ್ಪಾ, ಇವತ್ತು ನಾನು ಕಾಫಿ ಕೊಡಿಸ್ತೀನಿ" ಅಂದ. ಪಕ್ಕದಲ್ಲಿ ಪಿಟೀಲು ಬಾರಿಸುತ್ತಿದ್ದರು, ಚೆನ್ನಾಗಿತ್ತು. ಬಿಲ್ಲು ಬಂತು. ಕಾಫಿಗೆ ಒಂದು ಸಾಲು, ಸಂಗೀತಕ್ಕೆ ಬೇರೆ ಸಾಲು, ತಲೆಗೆ ಇಷ್ಟು ಅಂತ! ನಮ್ಮವರು ತಕ್ಷಣ ರೂಪಾಯಿಗೆ ತಿರುಗಿಸಿದರು. "ಐದು ಸಾವಿರದ ಹತ್ತಿರ ಆಯ್ತಲ್ಲೋ. ಬಾರಿಸಿ ಅಂತ ನಾವು ಕೇಳಿದ್ವಾ?" ಮಗ ಅರ್ಧ ಕುಡಿದ ಕಪ್ಪನ್ನು ಸಾಸರ್ ಮೇಲಿಟ್ಟ. ಕಪ್ಪಿನ ಹಿಡಿ ತನ್ನ ಕಡೆಗೆ ತಿರುಗಿಸಿ, ಮತ್ತೆ ಆಚೆ ತಿರುಗಿಸಿ, ಸುಮ್ನೆ ಕೂತ. ಹೋಟೆಲ್ ಮುಟ್ಟುವ ತನಕ ಮಾತಿಲ್ಲ.

ಅವತ್ತು ರಾತ್ರಿ ನಾನು ಒಂದು ಪರ್ಸ್ ಮಾಡಿದೆ. ನಾಲ್ವರೂ ಒಂದೇ ಸಮ ದುಡ್ಡು ಹಾಕುವುದು. ಊಟ, ಕಾಫಿ, ಬಸ್ಸು ಎಲ್ಲಾ ಅದರಿಂದ. ಬಿಲ್ಲು ಮಗಳ ಕೈಗೆ ಮಾತ್ರ. ರೂಪಾಯಿಗೆ ತಿರುಗಿಸಿದವರು ಎಲ್ಲರಿಗೂ ಜೆಲಾಟೋ, ಅಂದರೆ ಅಲ್ಲಿಯ ಐಸ್‌ಕ್ರೀಮ್, ಕೊಡಿಸಬೇಕು. ಉಳಿದ ಏಳು ದಿನದಲ್ಲಿ ನಮ್ಮವರು ಮೂರು ಸಲ ಕೊಡಿಸಿದರು. ನೀವು ಇದನ್ನು ದಾವಣಗೆರೆಯಲ್ಲೇ, ಟಿಕೆಟ್ ಬುಕ್ ಮಾಡುವ ಮೊದಲೇ ಮಾತಾಡಿಕೊಳ್ಳಿ. ಕಾಫಿಯನ್ನು ಇಟಲಿಯಲ್ಲಿ ಅಲ್ಲಿಯವರ ಹಾಗೆ ಕೌಂಟರ್ ಹತ್ತಿರ ನಿಂತೇ ಕುಡಿಯಿರಿ. ಕೂತರೆ ರೇಟು ಬೇರೆ.

ಪ್ರಶ್ನೆ: ನನಗೆ 29. ಅಪ್ಪ, ಅಮ್ಮ, ತಮ್ಮನ ಜೊತೆ ಸ್ವಿಟ್ಜರ್ಲೆಂಡ್, ಇಟಲಿಗೆ ಹೋಗುತ್ತಿದ್ದೇವೆ. ಒಂದು ದಿನ ನಾನೂ ತಮ್ಮನೂ ಮಾತ್ರ ಬೆಟ್ಟ ಹತ್ತಬೇಕು ಅಂದುಕೊಂಡಿದ್ದೇವೆ. ಹೇಳಿದರೆ ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ. ಏನು ಮಾಡಲಿ?
— ಓದುಗರು, ಮೈಸೂರು

ಉತ್ತರ: ಅಲ್ಲಿಗೆ ಹೋದ ಮೇಲೆ ಹೇಳಬೇಡಮ್ಮ, ಈಗಲೇ ಹೇಳು. ಹಿಂದಿನ ರಾತ್ರಿ ಹೇಳಿದರೆ ಬಿಟ್ಟುಹೋದರು ಅನ್ನಿಸುತ್ತದೆ, ಮೂರು ತಿಂಗಳು ಮೊದಲು ಹೇಳಿದರೆ ಅದೂ ಒಂದು ಪ್ಲಾನು. ಆ ದಿನವನ್ನು ಸ್ವಿಟ್ಜರ್ಲೆಂಡ್‌ನಲ್ಲೇ ಇಟ್ಟುಕೋ. ಹೊರಟ ಕಟ್ಟೆಗೇ ವಾಪಸ್ ಬರುವ ದೋಣಿಗೆ ಅಪ್ಪ ಅಮ್ಮನನ್ನು ಹತ್ತಿಸಿದರೆ ದಾರಿ ತಪ್ಪುವ ಭಯವಿಲ್ಲ. ಇಬ್ಬರ ಫೋನಿನಲ್ಲೂ ಅಲ್ಲಿಯ ಸಿಮ್ ಇರಲಿ, ಒಬ್ಬರ ಫೋನ್ ನಂಬಬೇಡ. ಹೋಟೆಲಿನ ವಿಳಾಸ ಬರೆದ ಕಾರ್ಡು ಅಪ್ಪನ ಜೇಬಿನಲ್ಲಿರಲಿ. ಇನ್ನೊಂದು ಮಾತು. ನಾವು ಹಾಗೆ ಬಿಟ್ಟುಕೊಟ್ಟ ದಿನ ನಾನು, ನಮ್ಮವರು ಬೆಂಚಿನ ಮೇಲೆ ಕೂತು ಪುಳಿಯೋಗರೆ ತಿಂದು ಹಾಗೇ ಒಂದು ನಿದ್ದೆ ತೆಗೆದೆವು. ಮಕ್ಕಳಿಗೆ ಇದುವರೆಗೂ ಹೇಳಿಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಯುರೋಪಿಗೆ ತುಪ್ಪ, ಪೇಡ, ಕರಿಬೇವು ತೆಗೆದುಕೊಂಡು ಹೋಗಬಹುದಾ?
— ಓದುಗರು, ಧಾರವಾಡ

ಉತ್ತರ: ಮೂರೂ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿಯನ್ ಒಕ್ಕೂಟದವರು ಬಿಡುವುದಿಲ್ಲ. ಹಸಿ ಸೊಪ್ಪಿಗೂ ಸರ್ಟಿಫಿಕೇಟ್ ಕೇಳುತ್ತಾರೆ. ಧಾರವಾಡದಿಂದ ಪೇಡ ಇಲ್ಲದೆ ಹೋಗುವುದು ಕಷ್ಟವೇ, ಏನು ಮಾಡುವುದು. ಚಟ್ನಿಪುಡಿ, ಗೊಜ್ಜವಲಕ್ಕಿ, ಪುಳಿಯೋಗರೆ ಪುಡಿ ಧಾರಾಳವಾಗಿ ಒಯ್ಯಿರಿ. ಬೆಣ್ಣೆ, ಮೊಸರು, ಅಕ್ಕಿ ಅಲ್ಲೇ ಸಿಗುತ್ತವೆ. ಬೆಣ್ಣೆ ತಂದು ಕಾಯಿಸಿದರೆ ತುಪ್ಪ ಆಯಿತು. ಅಡುಗೆಮನೆ ಇರುವ ರೂಮು ಹಿಡಿಯಿರಿ.