ಚಳಿಯ ದೇಶದಲ್ಲಿ ಮನೆಯೊಳಗೆ ಡ್ರ್ಯಾಗನ್ ಫ್ರೂಟ್ ಬೆಳೆದರೆ ಹಣ್ಣು ಸಿಗುತ್ತದೆಯೇ?

ಅಂಗಡಿಯಿಂದ ತಂದ ಹಣ್ಣಿನ ಬೀಜ ಹಾಕಿ ಸಸಿ ಮಾಡಿದ್ದೀರಿ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಚಳಿಗೆ ಹೆದರಿ ನವೆಂಬರ್‌ನಿಂದ ಅವನ್ನು ಕೋಣೆ ಬಿಸಿಮಾಡುವ ರೇಡಿಯೇಟರ್ ಪಕ್ಕದಲ್ಲಿ ಇಟ್ಟಿದ್ದೀರಿ. ಈಗ ಅವು ದಾರದಂತೆ ಉದ್ದವಾಗುತ್ತಿವೆ, ಮುಂದೆ ಹಣ್ಣು ಬಿಟ್ಟೀತೇ ಎಂದು ಕೇಳಿದ್ದೀರಿ. ಹಣ್ಣಿನ ಮಾತು ಆಮೇಲೆ. ಮೊದಲು ಎದ್ದು ಹೋಗಿ ಆ ಕುಂಡಗಳನ್ನು ರೇಡಿಯೇಟರ್ ಬಳಿಯಿಂದ ಎತ್ತಿಡಿ.

ಇದೇ ತಪ್ಪನ್ನು ನಾನು ಎರಡು ಚಳಿಗಾಲ ಮಾಡಿದವನು. ನಾನಿರುವುದು ಎಡಿನ್‌ಬರ್ಗ್‌ನಲ್ಲಿ, ಹಳೆಯ ಕಲ್ಲುಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ. ಡಿಸೆಂಬರ್ ಕೊನೆಯಲ್ಲಿ ಇಲ್ಲಿನ ಹಗಲು ಏಳು ಗಂಟೆಯೂ ತುಂಬುವುದಿಲ್ಲ, ಅಷ್ಟರಲ್ಲೂ ಸೂರ್ಯ ಎದುರು ಮನೆಯ ಹೊಗೆಗೂಡನ್ನು ದಾಟಿ ಮೇಲೇರುವುದು ಅಪರೂಪ. ಶಿರಸಿಯ ಕಡೆಯಿಂದ ಬಂದ ನನಗೆ ಚಳಿಯೇ ಶತ್ರುವಾಗಿ ಕಂಡಿತ್ತು. ನನಗಾಗದ್ದು ಗಿಡಕ್ಕೂ ಆಗದೆಂದು ಬೆಚ್ಚಗಿಟ್ಟೆ. ಬೆಚ್ಚಗಾದ ಗಿಡ, ಬೆಳೆಯುವ ಕಾಲ ಬಂತೆಂದು ನಂಬಿಬಿಟ್ಟಿತು. ಬೆಳಕು ಮಾತ್ರ ಇರಲಿಲ್ಲ. ಮೂರು ಏಣಿನ ದಪ್ಪ ಕಾಂಡ ಬರಬೇಕಾದಲ್ಲಿ ಪೆನ್ಸಿಲ್‌ಗಿಂತ ತೆಳ್ಳಗಿನ, ಬಿಳಿಚಿದ ಬಳ್ಳಿಯೊಂದು ಕಿಟಕಿಯತ್ತ ಕೈಚಾಚಿತು. ಬೇಸಿಗೆ ಬಂದ ಮೇಲೂ ಅದು ಹೇಳಿಕೊಳ್ಳುವಂತೆ ದಪ್ಪಗಾಗಲಿಲ್ಲ. ತುದಿಯಲ್ಲಿ ಹೊಸ ಚಿಗುರು ತೂಗತೊಡಗಿದಾಗ ನಡುವಿನಲ್ಲೇ ಮುರಿಯಿತು.

ಅಂದಿನಿಂದ ನನ್ನ ನಿಯಮ ಒಂದೇ: ಬಿಸಿ ಕೊಡುವುದಾದರೆ ಬೆಳಕನ್ನೂ ಕೊಡಬೇಕು, ಬೆಳಕು ಕೊಡಲಾಗದಿದ್ದರೆ ಬಿಸಿಯನ್ನೂ ತಗ್ಗಿಸಬೇಕು. ಅಂದರೆ ಚಳಿಗಾಲದಲ್ಲಿ ಗಿಡವನ್ನು ಮಲಗಿಸಿಬಿಡಿ. ಹೀಟರ್ ಹಾಕದ ಕೋಣೆ, 10ರಿಂದ 14 ಡಿಗ್ರಿ, ಇರುವುದರಲ್ಲಿ ಹೆಚ್ಚು ಬೆಳಕಿನ ಕಿಟಕಿ, ನೀರು ತಿಂಗಳಿಗೊಮ್ಮೆ ಒಂದು ಲೋಟ. ಕಾಂಡ ತುಸು ಸುಕ್ಕುಗಟ್ಟಿದರೆ ಗಾಬರಿ ಬೇಡ, ವಸಂತದಲ್ಲಿ ನೀರು ಕಂಡೊಡನೆ ತುಂಬಿಕೊಳ್ಳುತ್ತದೆ. ಐದು ಡಿಗ್ರಿಯ ಹತ್ತಿರಕ್ಕೆ ಇಳಿಯಲು ಬಿಡಬೇಡಿ, ಹಿಮವಂತೂ ಗಿಡವನ್ನು ಕೊಂದೇಬಿಡುತ್ತದೆ. ಇನ್ನು ತಣ್ಣಗಿನ ಕೋಣೆಯಲ್ಲಿಟ್ಟು ಬೇಸಿಗೆಯ ಹಾಗೆ ನೀರು ಹಾಕಿದರೆ ಬುಡ ಕೊಳೆಯುತ್ತದೆ. ನನ್ನ ಮೂರು ವರ್ಷದ ಗಿಡವೊಂದು ಹಾಗೆಯೇ ಹೋಯಿತು. ನಾನು ಊರಿಗೆ ಹೋಗಿದ್ದಾಗ ಗೆಳೆಯನೊಬ್ಬ ಪ್ರೀತಿಯಿಂದ ವಾರಕ್ಕೆ ಎರಡು ಸಲ ನೀರು ಹಾಕಿದ್ದ.

ಕಳ್ಳಿ ಎಂದೊಡನೆ ಮರಳುಗಾಡು ಕಣ್ಣಮುಂದೆ ಬರುತ್ತದೆ. ಇದು ಆ ಜಾತಿಯದಲ್ಲ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರವನ್ನು ಅಪ್ಪಿಕೊಂಡು ಮೇಲೇರುವ ಕಳ್ಳಿ ಇದು. ನಮ್ಮ ಮನೆಗಳಲ್ಲಿ ಬ್ರಹ್ಮಕಮಲವೆಂದು ಸಾಕಿ, ಅರಳುವ ರಾತ್ರಿ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತಾರಲ್ಲ, ಆ ಗಿಡ ಇದರ ಹತ್ತಿರದ ದಾಯಾದಿ. (ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ.) ಆದ್ದರಿಂದ ಬರೀ ಮರಳು ತುಂಬಬೇಡಿ. ತೆಂಗಿನ ನಾರಿನ ಪುಡಿ, ಕಾಂಪೋಸ್ಟ್, ಪೈನ್ ತೊಗಟೆಯ ಚೂರು, ಪರ್ಲೈಟ್ (ಮಣ್ಣು ಸಡಿಲಗೊಳಿಸುವ ಹಗುರ ಬಿಳಿ ಹರಳು) ಬೆರೆಸಿದ ಸಡಿಲ ಮಣ್ಣು ಅದಕ್ಕೆ ಹಿತ. ದೊಡ್ಡದಾದ ಮೇಲೆ ಮೂವತ್ತು ಲೀಟರ್ ಕುಂಡ ಬೇಕಾಗುತ್ತದೆ. ಊರಿನ ರೈತರು ಸಿಮೆಂಟ್ ಕಂಬ ನೆಟ್ಟು, ತುದಿಗೆ ಹಳೆಯ ಟೈರ್ ಸಿಕ್ಕಿಸಿ, ಬುಡಕ್ಕೆ ನಾಲ್ಕು ಗಿಡ ಹಚ್ಚುತ್ತಾರೆ. ನನ್ನ ಬಳಿ ಇರುವುದು ತೆಂಗಿನ ಹಗ್ಗ ಸುತ್ತಿದ ಐದಡಿಯ ಮರದ ಕೋಲು. ಗಿಡ ಕೋಲಿನ ತಲೆ ಮುಟ್ಟಿದಾಗ ತುದಿ ಚಿವುಟಿದರೆ ಕವಲೊಡೆದು ಕೆಳಗೆ ಜೋಲುತ್ತದೆ. ಹೂವು ಬರುವುದು ಹೀಗೆ ಜೋಲುವ ಕೊಂಬೆಗಳಲ್ಲಿ.

ಈಗ ಹಣ್ಣಿನ ವಿಷಯ. ಬೀಜದ ಗಿಡ ಹೂಬಿಡಲು ಐದಾರು ವರ್ಷ ಬೇಕು, ನಮ್ಮ ಹವೆಯಲ್ಲಿ ಇನ್ನೂ ಹೆಚ್ಚು. ಫಲ ಕೊಟ್ಟಿರುವ ಗಿಡದಿಂದ ಒಂದಡಿ ಉದ್ದದ ತುಂಡು ಸಿಕ್ಕರೆ ಕಾಯುವ ಕಾಲ ಅರ್ಧಕ್ಕಿಳಿಯುತ್ತದೆ. ಕತ್ತರಿಸಿದ ಗಾಯವನ್ನು ಒಂದು ವಾರ ನೆರಳಿನಲ್ಲಿ ಒಣಗಲು ಬಿಟ್ಟು, ಬುಡ ಯಾವುದು ತಲೆ ಯಾವುದು ಎಂಬುದನ್ನು ಮರೆಯದೆ ನೆಡಿ. ಸಸಿಗಳನ್ನು ಎಸೆಯಿರಿ ಎಂದಲ್ಲ, ಅವುಗಳ ಪಕ್ಕದಲ್ಲಿ ಇದೂ ಒಂದಿರಲಿ.

ಹಗಲು ಹನ್ನೆರಡು ಗಂಟೆಗಿಂತ ಉದ್ದವಾದಾಗ ಈ ಗಿಡಕ್ಕೆ ಹೂವಿನ ನೆನಪಾಗುತ್ತದೆ. ವಿಯೆಟ್ನಾಂನ ಬೆಳೆಗಾರರು ಹಗಲು ಕುಗ್ಗುವ ತಿಂಗಳುಗಳಲ್ಲಿ ತೋಟಕ್ಕೆಲ್ಲ ಬಲ್ಬು ಕಟ್ಟಿ, ರಾತ್ರಿಯಲ್ಲಿ ಉರಿಸಿ ಗಿಡವನ್ನು ಏಮಾರಿಸುತ್ತಾರೆ. ಸ್ಕಾಟ್ಲೆಂಡಿನ ಜೂನ್‌ನಲ್ಲಿ ಹಗಲು ಹದಿನೇಳು ಗಂಟೆಗೂ ಮೀರುವುದರಿಂದ ನಮಗೆ ಆ ಉಪಾಯ ಬೇಕಿಲ್ಲ. ನಮಗೆ ಸಾಲದೆ ಬರುವುದು ಬಿಸಿಲಿನ ಕಸುವು. ದಕ್ಷಿಣದ ಕಿಟಕಿಗೆ ಒತ್ತಿ ಇಡಿ, ಬಾಲ್ಕನಿ ಇದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಿಡಿ, ಆದರೆ ದಿನಕ್ಕೆ ಒಂದೆರಡು ಗಂಟೆಯಂತೆ ರೂಢಿ ಮಾಡಿಸಿ. ಒಮ್ಮೆಲೇ ಬಿಸಿಲಿಗೆ ಬಿದ್ದ ಕಾಂಡ ಬೆಂದು ಹಳದಿಯಾಗುತ್ತದೆ.

ನನ್ನ ತುಂಡುಗಿಡ ನಾಲ್ಕನೆಯ ಬೇಸಿಗೆಯಲ್ಲಿ ಎರಡು ಮೊಗ್ಗು ಬಿಟ್ಟಿತು. ಫೋಟೋ ಚೆನ್ನಾಗಿ ಬರಲೆಂದು ಕುಂಡ ತಿರುಗಿಸಿದೆ, ಮೂರೇ ದಿನದಲ್ಲಿ ಒಂದು ಮೊಗ್ಗು ಹಳದಿಯಾಗಿ ಉದುರಿತು. ಕಾರಣ ಅದೇ ಎಂದು ಪ್ರಮಾಣ ಮಾಡಲಾರೆ, ಆದರೂ ಇನ್ನು ಮುಟ್ಟುವುದಿಲ್ಲ. ಇನ್ನೊಂದು ಜುಲೈ ನಡುವಿನ ಒಂದು ರಾತ್ರಿ ಅರಳಿತು. ಆ ದಿನಗಳಲ್ಲಿ ಇಲ್ಲಿ ಸೂರ್ಯ ಮುಳುಗುವಾಗ ಹತ್ತು ಗಂಟೆಯಾಗುತ್ತದೆ. ಆಕಾಶದಲ್ಲಿ ಇನ್ನೂ ಬೆಳಕಿರುವಾಗಲೇ ರಾತ್ರಿಯ ಹೂವೊಂದು ಬಾಯಿ ತೆರೆಯುವುದನ್ನು ನೋಡುತ್ತ ಕುಳಿತಿದ್ದೆ. ಕರೆದು ತೋರಿಸಲು ಯಾರೂ ಇರಲಿಲ್ಲ, ಅಮ್ಮನಿಗೆ ವೀಡಿಯೊ ಕರೆ ಮಾಡಿದೆ. ಅಲ್ಲಿ ಬೆಳಗಿನ ಜಾವ ಮೂರು ಗಂಟೆ. ಬೈಸಿಕೊಂಡೆ, ಆಮೇಲೆ ಅವರು ಅರ್ಧ ಗಂಟೆ ನೋಡಿದರು.

ಅದರ ತವರಿನಲ್ಲಿ ಪರಾಗ ಒಯ್ಯಲು ಬಾವಲಿಗಳೂ ದೊಡ್ಡ ಪತಂಗಗಳೂ ಬರುತ್ತವೆ. ಮೂರನೆಯ ಮಹಡಿಗೆ ಬರುವವರಾರು? ಮಕ್ಕಳ ಬಣ್ಣದ ಕುಂಚದಿಂದ ಹಳದಿ ಪುಡಿಯನ್ನು ನಡುವಿನ ಶಲಾಕೆಯ, ಅಂದರೆ ಹೂವಿನ ಹೆಣ್ಣು ಭಾಗದ, ತುದಿಗೆ ನಾನೇ ಸವರಿದೆ. ಬೆಳಗಾಗುವಷ್ಟರಲ್ಲಿ ಹೂವು ಬಾಡುವುದರಿಂದ ಈ ಕೆಲಸಕ್ಕೆ ಇರುವುದು ಒಂದೇ ರಾತ್ರಿ. ಬಿಳಿ ತಿರುಳಿನ ತಳಿಗಳು ಸಾಮಾನ್ಯವಾಗಿ ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುತ್ತವೆ. ಕೆಂಪು ತಿರುಳಿನ ಹಲವು ತಳಿಗಳಿಗೆ ಬೇರೆ ತಳಿಯ ಪರಾಗವೇ ಬೇಕು. ಒಂದೇ ಗಿಡಕ್ಕೆ ಜಾಗವಿದ್ದರೆ ಬಿಳಿಯದನ್ನೇ ಆರಿಸಿ.

ಬಿಸಿ ನಾಡಿನಲ್ಲಿ ಒಂದು ತಿಂಗಳಿನ ಆಸುಪಾಸಿನಲ್ಲಿ ಹಣ್ಣಾಗುವುದು ನನ್ನಲ್ಲಿ ಐವತ್ತು ದಿನ ತೆಗೆದುಕೊಂಡಿತು. ತೂಕ 210 ಗ್ರಾಂ. ರುಚಿ ಅಂಗಡಿಯದಕ್ಕಿಂತ ವಾಸಿ, ಊರಿನ ಸಪೋಟಕ್ಕಂತೂ ಸಮವಲ್ಲ.

ಮಲಗಿಸುವುದು ಬೇಡ, ಚಳಿಗಾಲದಲ್ಲೂ ಬೆಳೆಸುತ್ತೇನೆ ಎನ್ನುವಿರಾದರೆ ಎಲ್‌ಇಡಿ ದೀಪವಿದೆ. ನಾನೂ ಒಂದು ವರ್ಷ 100 ವಾಟ್‌ನದನ್ನು ದಿನಕ್ಕೆ 14 ಗಂಟೆ ಉರಿಸಿದೆ. ತಿಂಗಳಿಗೆ 42 ಯೂನಿಟ್. ಯೂನಿಟ್‌ಗೆ 25 ಪೆನ್ಸ್‌ನಂತೆ ಐದು ತಿಂಗಳಿಗೆ ಐವತ್ತು ಪೌಂಡ್ ದಾಟಿತು. ಗಿಡ ಚೆನ್ನಾಗಿಯೇ ಬೆಳೆಯಿತು. ಬಿಲ್ಲು ನೋಡಿದ ಹೆಂಡತಿ, ಅಷ್ಟು ದುಡ್ಡಿಗೆ ಎಷ್ಟು ಹಣ್ಣು ಬರುತ್ತಿತ್ತೆಂದು ಲೆಕ್ಕ ಹಾಕಿ ಫ್ರಿಜ್ ಮೇಲೆ ಅಂಟಿಸಿದಳು.

ನಿಮ್ಮ ದಾರದಂಥ ಸಸಿಗಳನ್ನು ಈಗಲೇ ಕತ್ತರಿಸಲು ಹೋಗಬೇಡಿ. ತಣ್ಣಗಿನ ಕೋಣೆಯಲ್ಲಿ ಮಾರ್ಚ್ ಕಳೆಯಲಿ. ಏಪ್ರಿಲ್‌ನಲ್ಲಿ ದಪ್ಪ ಉಳಿದಿರುವ ಭಾಗದವರೆಗೆ ಚಿವುಟಿ ಹಾಕಿ ನೀರು ಶುರುಮಾಡಿ, ಅಲ್ಲಿಂದ ಬರುವ ಚಿಗುರನ್ನು ಕೋಲಿಗೆ ಕಟ್ಟಿ.